ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಅಡ್ಡಪರಿಣಾಮಗಳು: ಎಲ್ಲರಿಗೂ ಒಂದೇ ರೀತಿ ಏಕಿರುವುದಿಲ್ಲ, ನಿಮ್ಮದನ್ನು ಗುರುತಿಸುವುದು ಹೇಗೆ

ತೂಕ ಇಳಿಸುವ ಶಸ್ತ್ರಚಿಕಿತ್ಸೆ ಎಂದು ನಾವು ಒಂದೇ ಹೆಸರಿನಿಂದ ಕರೆಯುವುದರಲ್ಲಿ ಹಲವು ಬೇರೆ ಬೇರೆ ಶಸ್ತ್ರಚಿಕಿತ್ಸೆಗಳು ಸೇರಿವೆ. ಒಂದರಲ್ಲಿ ಜಠರದ ಬಹುಭಾಗವನ್ನು ಕತ್ತರಿಸಿ ತೆಗೆಯುತ್ತಾರೆ, ಇನ್ನೊಂದರಲ್ಲಿ ಕರುಳಿನ ದಾರಿಯನ್ನೇ ಬದಲಿಸುತ್ತಾರೆ, ಮತ್ತೊಂದರಲ್ಲಿ ಏನನ್ನೂ ಕತ್ತರಿಸದೆ ಜಠರದ ಮೇಲ್ಭಾಗಕ್ಕೆ ಪಟ್ಟಿ ಬಿಗಿಯುತ್ತಾರೆ. ಆದರೂ ರೋಗಿಗಳು ಪರಸ್ಪರ ಮಾತನಾಡುವಾಗ ಈ ವ್ಯತ್ಯಾಸ ಮರೆತುಹೋಗುತ್ತದೆ. ‘ನನಗೆ ಹಾಗೇನೂ ಆಗಲಿಲ್ಲ’ ಎಂಬ ಒಬ್ಬರ ಮಾತು ಇನ್ನೊಬ್ಬರಿಗೆ ಸುಳ್ಳು ಧೈರ್ಯವನ್ನೂ, ‘ನನಗೆ ವರ್ಷವಿಡೀ ವಾಂತಿಯಾಯಿತು’ ಎಂಬ ಮಾತು ಅನಗತ್ಯ ಭಯವನ್ನೂ ಕೊಡುತ್ತದೆ. ಅಡ್ಡಪರಿಣಾಮವನ್ನು ಇನ್ನೊಬ್ಬ ರೋಗಿಯ ಅನುಭವದೊಂದಿಗೆ ಹೋಲಿಸುವುದಕ್ಕಿಂತ ನಿಮಗಾದ ಶಸ್ತ್ರಚಿಕಿತ್ಸೆ, ನಿಮ್ಮ ದೇಹದ ಹಳೆಯ ಸ್ಥಿತಿ, ಕಳೆದಿರುವ ವಾರಗಳು ಮತ್ತು ನೀವು ನುಂಗುತ್ತಿರುವ ಮಾತ್ರೆಗಳೊಂದಿಗೆ ಜೋಡಿಸಿ ನೋಡುವುದು ಹೆಚ್ಚು ಉಪಯುಕ್ತ. ಅದನ್ನು ಮಾಡುವ ಕ್ರಮವನ್ನು ಈ ಲೇಖನ ಹಂತಹಂತವಾಗಿ ವಿವರಿಸುತ್ತದೆ. ಇದು ನಿಮ್ಮ ವೈದ್ಯರ ಸಲಹೆಗೆ ಬದಲಿಯಲ್ಲ. ಆ ಸಲಹೆಯನ್ನು ಸರಿಯಾದ ಪ್ರಶ್ನೆಗಳೊಂದಿಗೆ ಕೇಳಿ ಪಡೆಯಲು ನೆರವಾಗಬಹುದು.

ಮೊದಲ ಹಂತ: ನಿಮಗೆ ಆಗಿರುವುದು ಯಾವ ಶಸ್ತ್ರಚಿಕಿತ್ಸೆ ಎಂದು ತಿಳಿದುಕೊಳ್ಳಿ

ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೊಡುವ ಡಿಸ್ಚಾರ್ಜ್ ಸಾರಾಂಶದಲ್ಲಿ ಶಸ್ತ್ರಚಿಕಿತ್ಸೆಯ ಪೂರ್ಣ ಹೆಸರು ಇರುತ್ತದೆ. ಅದನ್ನು ಓದಿ, ಅರ್ಥವಾಗದಿದ್ದರೆ ಕೇಳಿ, ಫೋನಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ನನ್ನ ಅಭಿಪ್ರಾಯದಲ್ಲಿ ಇಡೀ ಚಿಕಿತ್ಸೆಯಲ್ಲಿ ರೋಗಿಯ ಕೈಗೆ ಬರುವ ಕಾಗದಗಳ ಪೈಕಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ, ಏಕೆಂದರೆ ಮುಂದೆ ಹತ್ತು ವರ್ಷಗಳ ನಂತರ ಹೊಟ್ಟೆನೋವು ಬಂದರೂ ವೈದ್ಯರು ಮೊದಲು ಕೇಳುವುದು ಇದನ್ನೇ.

ಈಗ ಹೆಚ್ಚಾಗಿ ನಡೆಯುವುದು ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಇದರಲ್ಲಿ ಜಠರದ ಸುಮಾರು ಶೇ 75ರಿಂದ 80ರಷ್ಟು ಭಾಗವನ್ನು ತೆಗೆದು, ಉಳಿದದ್ದನ್ನು ಕಿರಿದಾದ ಕೊಳವೆಯ ಆಕಾರದಲ್ಲಿ ಬಿಡುತ್ತಾರೆ. ಕರುಳಿನ ದಾರಿ ಬದಲಾಗುವುದಿಲ್ಲವಾದ್ದರಿಂದ ಪೋಷಕಾಂಶಗಳ ಕೊರತೆ ಬೈಪಾಸ್‌ನಲ್ಲಿ ಆಗುವುದಕ್ಕಿಂತ ಸಾಮಾನ್ಯವಾಗಿ ಕಡಿಮೆ. ಆದರೆ ಕಿರಿದಾದ ಕೊಳವೆಯೊಳಗೆ ಒತ್ತಡ ಹೆಚ್ಚುವುದರಿಂದ ಆಮ್ಲ ಮೇಲಕ್ಕೆ, ಅನ್ನನಾಳದ ಕಡೆಗೆ ನುಗ್ಗುತ್ತದೆ; ಎದೆಯುರಿ ಮತ್ತು ಹುಳಿತೇಗು ಈ ಶಸ್ತ್ರಚಿಕಿತ್ಸೆಯ ವಿಶಿಷ್ಟ ತೊಂದರೆಗಳು. ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಸುವಷ್ಟು ಪುಟ್ಟ ಚೀಲವನ್ನು ಜಠರದ ಮೇಲ್ಭಾಗದಲ್ಲಿ ರೂಪಿಸಿ, ಅದಕ್ಕೆ ಸಣ್ಣ ಕರುಳನ್ನು ನೇರವಾಗಿ ಜೋಡಿಸುತ್ತಾರೆ. ಇದರಿಂದ ಹುಳಿತೇಗು ಬಹುತೇಕ ಕಡಿಮೆಯಾಗುತ್ತದೆ, ಆದರೆ ಡಂಪಿಂಗ್ (ಆಹಾರ ಕರುಳಿಗೆ ಒಮ್ಮೆಲೇ ಇಳಿಯುವುದರಿಂದ ಆಗುವ ತೊಂದರೆ), ಜೋಡಣೆಯ ಜಾಗದಲ್ಲಿ ಹುಣ್ಣು, ಕಬ್ಬಿಣಾಂಶ ಮತ್ತು ಬಿ12 ಕೊರತೆ, ಕರುಳು ಒಳಗೇ ಸಿಕ್ಕಿಕೊಳ್ಳುವ ಆಂತರಿಕ ಹರ್ನಿಯಾ ಎಂಬ ಬೇರೆಯೇ ತೊಂದರೆಗಳು ಎದುರಾಗುತ್ತವೆ. ಸ್ವಿಟ್ಜರ್ಲೆಂಡ್‌ನಲ್ಲಿ ಈ ಎರಡನ್ನೂ ಐದು ವರ್ಷಗಳ ಕಾಲ ಹೋಲಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹುಳಿತೇಗಿನ ತೊಂದರೆ ಉಲ್ಬಣಿಸಿದವರ ಪ್ರಮಾಣ ಸ್ಲೀವ್ ಗುಂಪಿನಲ್ಲಿ ಸುಮಾರು ಶೇ 32 ಇದ್ದರೆ ಬೈಪಾಸ್ ಗುಂಪಿನಲ್ಲಿ ಶೇ 6ರಷ್ಟಿತ್ತು. ಸ್ಲೀವ್ ಮಾಡಿಸಿಕೊಂಡವರು ಬೈಪಾಸ್ ಮಾಡಿಸಿಕೊಂಡವರ ಅನುಭವವನ್ನು ಕೇಳಿ ತಮ್ಮ ಎದೆಯುರಿಯನ್ನು ಅಳೆಯುವುದರಲ್ಲಿ ಅರ್ಥವಿಲ್ಲ ಎಂಬುದಕ್ಕೆ ಈ ಅಂಕಿಗಳೇ ಸಾಕು.

ಸಾಮಾನ್ಯ ಬೈಪಾಸ್‌ನಂತೆ ಎರಡು ಕಡೆ ಅಲ್ಲದೆ ಒಂದೇ ಕಡೆ ಕರುಳನ್ನು ಜೋಡಿಸುವ, ಒಂದೇ ಜೋಡಣೆಯ ಬೈಪಾಸ್ ಆಗಿದ್ದರೆ ಪಿತ್ತರಸ ಜಠರದ ಚೀಲಕ್ಕೆ ಹಿಮ್ಮುಖವಾಗಿ ಬರುವ ಸಾಧ್ಯತೆಯನ್ನು ಗಮನದಲ್ಲಿಡಬೇಕು. ಜಠರವನ್ನು ಕಿರಿದಾಗಿಸಿ ಸಣ್ಣ ಕರುಳಿನ ಬಹುಭಾಗವನ್ನು ಆಹಾರದ ದಾರಿಯಿಂದ ತಪ್ಪಿಸುವ ಡ್ಯುಯೋಡಿನಲ್ ಸ್ವಿಚ್ ಆಗಿದ್ದರೆ ಕೊಬ್ಬು ಸರಿಯಾಗಿ ಹೀರಲ್ಪಡದ ಕಾರಣ ಪದೇ ಪದೇ ಭೇದಿ, ದುರ್ವಾಸನೆಯ ವಾಯು, ಪ್ರೋಟೀನ್ ಕೊರತೆ ಹಾಗೂ ಎ, ಡಿ, ಇ, ಕೆ ವಿಟಮಿನ್‌ಗಳ ಕೊರತೆ ಉಳಿದೆಲ್ಲಕ್ಕಿಂತ ಹೆಚ್ಚು. ಪಟ್ಟಿ ಹಾಕಿಸಿಕೊಂಡವರಲ್ಲಿ ಪಟ್ಟಿ ಜಾರುವುದು, ಜಠರದ ಗೋಡೆಯನ್ನು ಕೊರೆಯುವುದು, ಪಟ್ಟಿಯ ಬಿಗಿತ ಹೊಂದಿಸಲು ಚರ್ಮದಡಿ ಇಟ್ಟಿರುವ ಪೋರ್ಟ್ ಕೆಡುವುದು ಇತ್ಯಾದಿ ಯಾಂತ್ರಿಕ ತೊಂದರೆಗಳೇ ಮುಖ್ಯ.

ಎರಡನೇ ಹಂತ: ಮೊದಲೇ ಇದ್ದ ತೊಂದರೆಗಳನ್ನು ಬರೆದಿಡಿ

ಒಂದೇ ಶಸ್ತ್ರಚಿಕಿತ್ಸೆ, ಒಂದೇ ಶಸ್ತ್ರವೈದ್ಯರು ಇದ್ದರೂ ಇಬ್ಬರ ಫಲಿತಾಂಶ ಬೇರೆಯಾಗುವುದಕ್ಕೆ ಬಹುಪಾಲು ಕಾರಣ ಅವರು ಶಸ್ತ್ರಚಿಕಿತ್ಸಾ ಕೊಠಡಿಗೆ ತಂದ ದೇಹ. ಮುಟ್ಟಾಗುವ ವಯಸ್ಸಿನ ಮಹಿಳೆಯ ಕಬ್ಬಿಣಾಂಶದ ಸಂಗ್ರಹ ಮೊದಲೇ ತಗ್ಗಿರಬಹುದು. ಬೈಪಾಸ್‌ನಲ್ಲಿ ಕಬ್ಬಿಣಾಂಶ ಹೀರುವ ಕರುಳಿನ ಮೊದಲ ಭಾಗವೇ ಆಹಾರದ ದಾರಿಯಿಂದ ತಪ್ಪಿಹೋಗುವುದರಿಂದ ಅವಳಿಗೆ ರಕ್ತಹೀನತೆ ಅದೇ ವಯಸ್ಸಿನ ಪುರುಷನಿಗಿಂತ ಬೇಗ ಬರುತ್ತದೆ. ಮಧುಮೇಹಕ್ಕಾಗಿ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡವರ ಬಿ12 ಮಟ್ಟ ಶಸ್ತ್ರಚಿಕಿತ್ಸೆಗೆ ಮೊದಲೇ ಕುಸಿದಿರಬಹುದು. ಸ್ಥೂಲಕಾಯ ಇರುವ ಅನೇಕರಲ್ಲಿ ವಿಟಮಿನ್ ಡಿ ಕೊರತೆ ಮೊದಲಿನಿಂದಲೂ ಇರುತ್ತದೆ. ಹೀಗಾಗಿ ಶಸ್ತ್ರಚಿಕಿತ್ಸೆಗೆ ಮುಂಚಿನ ರಕ್ತಪರೀಕ್ಷೆಯ ವರದಿಯನ್ನು ಎಸೆಯಬಾರದು. ಮುಂದಿನ ಪ್ರತಿಯೊಂದು ವರದಿಯನ್ನೂ ಅದರ ಪಕ್ಕದಲ್ಲಿಟ್ಟು ಓದಬೇಕು.

ಇದೇ ಪಟ್ಟಿಯಲ್ಲಿ ಧೂಮಪಾನ, ಹಿಂದೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದು, ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ, ಹಳೆಯ ಹೊಟ್ಟೆಯ ಶಸ್ತ್ರಚಿಕಿತ್ಸೆಗಳು, ಪಿತ್ತಕೋಶದ ಕಲ್ಲು, ಮೂತ್ರಪಿಂಡದ ಕಲ್ಲು ಮತ್ತು ಖಿನ್ನತೆಯ ಇತಿಹಾಸವನ್ನೂ ಸೇರಿಸಿ. ಧೂಮಪಾನವನ್ನು ವಿಶೇಷವಾಗಿ ಹೇಳಬೇಕಾಗಿದೆ, ಏಕೆಂದರೆ ಬೈಪಾಸ್ ನಂತರ ಜೋಡಣೆಯ ಜಾಗದಲ್ಲಿ ಏಳುವ ಹುಣ್ಣಿಗೆ ಇದು ಪ್ರಮುಖ ಕಾರಣಗಳಲ್ಲೊಂದು, ಮತ್ತು ರೋಗಿಯೇ ತಡೆಯಬಹುದಾದ ಕೆಲವೇ ಅಡ್ಡಪರಿಣಾಮಗಳಲ್ಲಿ ಈ ಹುಣ್ಣೂ ಒಂದು.

ಮೂರನೇ ಹಂತ: ಲಕ್ಷಣವನ್ನು ವಾರದ ಲೆಕ್ಕದೊಂದಿಗೆ ಓದಿ

ಒಂದೇ ಲಕ್ಷಣ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಅರ್ಥ ಕೊಡುತ್ತದೆ. ವಾಂತಿಯನ್ನೇ ಉದಾಹರಣೆಯಾಗಿ ತೆಗೆದುಕೊಂಡರೆ ಇದು ಚೆನ್ನಾಗಿ ತಿಳಿಯುತ್ತದೆ.

ಮೊದಲ ಒಂದೆರಡು ದಿನಗಳ ವಾಕರಿಕೆಗೆ ಅರಿವಳಿಕೆ ಮದ್ದು, ನೋವಿನ ಔಷಧ ಮತ್ತು ಹೊಲಿಗೆಯ ಸುತ್ತಲಿನ ಊತ ಕಾರಣವಾಗಿರುತ್ತವೆ. ಸ್ಲೀವ್ ಆದವರಲ್ಲಿ ಇದು ಸ್ವಲ್ಪ ಹೆಚ್ಚು. ದ್ರವಾಹಾರದಿಂದ ಮೆತ್ತನೆಯ ಆಹಾರಕ್ಕೆ, ಅಲ್ಲಿಂದ ಗಟ್ಟಿ ಆಹಾರಕ್ಕೆ ದಾಟುವ ವಾರಗಳಲ್ಲಿ ಬರುವ ವಾಂತಿಗೆ ಹೆಚ್ಚಿನ ಬಾರಿ ತಿನ್ನುವ ರೀತಿಯೇ ಕಾರಣ. ಆ ಕ್ಷಣ ಹೇಗಿರುತ್ತದೆಂದರೆ, ಒಣಗಿದ ಮಾಂಸದ ಅಥವಾ ಮೆತ್ತನೆಯ ಬ್ರೆಡ್ಡಿನ ಒಂದು ತುಣುಕು ಸರಿಯಾಗಿ ಅಗಿಯದೆ ಒಳಗೆ ಹೋಗುತ್ತದೆ, ಎದೆಯ ನಡುವೆ ಏನೋ ಒತ್ತಿದಂತಾಗುತ್ತದೆ, ಬಾಯಲ್ಲಿ ನೊರೆನೊರೆಯಾದ ಜೊಲ್ಲು ತುಂಬಿಕೊಳ್ಳುತ್ತದೆ, ಕೊನೆಗೆ ಆ ತುಣುಕು ಜೀರ್ಣವಾಗದೆ ಹಾಗೆಯೇ ಹೊರಬರುತ್ತದೆ. ಹುಳಿಯೂ ಇಲ್ಲದ, ಕಹಿಯೂ ಇಲ್ಲದ ಇಂಥ ವಾಂತಿ ಆಹಾರ ಸಿಕ್ಕಿಕೊಂಡಿತ್ತೆಂಬ ಸೂಚನೆ. ಪರಿಹಾರವೂ ಸರಳ: ತುತ್ತಿನ ಗಾತ್ರ ಕಡಿಮೆ ಮಾಡುವುದು, ನುಣ್ಣಗಾಗುವವರೆಗೆ ಅಗಿಯುವುದು, ತುತ್ತಿನ ನಡುವೆ ಚಮಚ ಕೆಳಗಿಡುವುದು, ಊಟದೊಂದಿಗೆ ನೀರು ಕುಡಿಯದೆ ಅರ್ಧ ಗಂಟೆ ಕಾಯುವುದು.

ಆದರೆ ಮೊದಲು ಚೆನ್ನಾಗಿ ತಿನ್ನುತ್ತಿದ್ದವರಿಗೆ ಶಸ್ತ್ರಚಿಕಿತ್ಸೆಯ ನಂತರದ ಎರಡು ಮೂರು ತಿಂಗಳೊಳಗೆ ಗಟ್ಟಿ ಆಹಾರ, ಆಮೇಲೆ ಮೆತ್ತನೆಯದ್ದು, ಕೊನೆಗೆ ದ್ರವವೂ ಇಳಿಯದಂತಾದರೆ ಅದು ತಿನ್ನುವ ರೀತಿಯ ತಪ್ಪಲ್ಲ. ಬೈಪಾಸ್‌ನಲ್ಲಿ ಜೋಡಣೆಯ ದ್ವಾರ ಕಿರಿದಾಗಿರಬಹುದು, ಸ್ಲೀವ್‌ನಲ್ಲಿ ಕೊಳವೆಯ ನಡುಭಾಗ ಬಿಗಿದಿರಬಹುದು ಅಥವಾ ತಿರುಚಿರಬಹುದು. ಎಂಡೋಸ್ಕೋಪಿಯಲ್ಲಿ ಇದು ಕಾಣಿಸುತ್ತದೆ, ಮತ್ತು ಅನೇಕ ಬಾರಿ ಬಲೂನ್ ಹಾಕಿ ಹಿಗ್ಗಿಸಿದರೆ ಸರಿಹೋಗುತ್ತದೆ. ಎದೆಯುರಿ, ರಾತ್ರಿ ಮಲಗಿದಾಗ ಬಾಯಿಗೆ ಹುಳಿ ಬರುವುದು ಇವುಗಳೊಂದಿಗೆ ಬರುವ ವಾಂತಿ ಆಮ್ಲದ ಹಿಮ್ಮುಖ ಹರಿವನ್ನು ಸೂಚಿಸುತ್ತದೆ. ಬಲಪಕ್ಕೆಯ ನೋವು ಊಟವಾದ ಮೇಲೆ ಬಂದು ಬೆನ್ನಿಗೋ ಬಲಭುಜಕ್ಕೋ ಹರಡಿ ಅದರ ಜೊತೆಗೆ ವಾಂತಿಯೂ ಆದರೆ ಪಿತ್ತಕೋಶದ ಕಲ್ಲನ್ನು ಸಂಶಯಿಸಬೇಕು. ತೂಕ ವೇಗವಾಗಿ ಇಳಿಯುವ ಮೊದಲ ತಿಂಗಳುಗಳಲ್ಲಿ ಹೊಸ ಕಲ್ಲುಗಳು ಹುಟ್ಟುವುದು ಸಾಮಾನ್ಯವಾದ್ದರಿಂದಲೇ ಅನೇಕ ಆಸ್ಪತ್ರೆಗಳಲ್ಲಿ ಆರು ತಿಂಗಳ ಕಾಲ ಅರ್ಸೋಡಿಯಾಕ್ಸಿಕೋಲಿಕ್ ಆಮ್ಲದ ಮಾತ್ರೆ ಕೊಡುತ್ತಾರೆ. ಬೈಪಾಸ್ ಆಗಿ ಒಂದು ವರ್ಷವೋ ಎರಡು ವರ್ಷವೋ ಕಳೆದು, ತೂಕ ಸಾಕಷ್ಟು ಇಳಿದ ಮೇಲೆ, ಆಗಾಗ ಹಿಂಡಿದಂತೆ ಬಂದು ಹೋಗುವ ಹೊಟ್ಟೆನೋವಿನೊಂದಿಗೆ ವಾಂತಿಯಾದರೆ ಆಂತರಿಕ ಹರ್ನಿಯಾ ಇರಬಹುದು. ಕರುಳಿನ ನಡುವಿನ ಕೊಬ್ಬು ಕರಗಿದಾಗ ಅಲ್ಲಿನ ಸಂದು ಅಗಲವಾಗಿ ಕರುಳು ಅದರೊಳಗೆ ಜಾರುತ್ತದೆ. ನೋವಿಲ್ಲದ ಹೊತ್ತಿನಲ್ಲಿ ತೆಗೆದ ಸ್ಕ್ಯಾನ್‌ನಲ್ಲಿ ಅದು ಕಾಣಿಸದೆಯೂ ಇರಬಹುದು. ‘ಸ್ಕ್ಯಾನ್ ಚೆನ್ನಾಗಿದೆ, ಗ್ಯಾಸ್ ಇರಬೇಕು’ ಎಂಬ ಮಾತಿಗೆ ಇಲ್ಲಿ ತೃಪ್ತರಾಗದೆ ಶಸ್ತ್ರಚಿಕಿತ್ಸೆ ಮಾಡಿದ ತಂಡವನ್ನೇ ಕಾಣಬೇಕು.

ಕಾರಣ ಯಾವುದೇ ಇರಲಿ, ವಾಂತಿ ನಿಲ್ಲದಿದ್ದರೆ ಥಯಾಮಿನ್ ಎಂಬ ಬಿ1 ವಿಟಮಿನ್ ಬೇಗ ಬರಿದಾಗುತ್ತದೆ. ದೇಹದಲ್ಲಿ ಇದರ ಸಂಗ್ರಹ ಕೆಲವೇ ವಾರಗಳಿಗೆ ಸಾಕಾಗುವಷ್ಟಿರುತ್ತದೆ. ಕೊರತೆ ತೀವ್ರವಾದರೆ ಗೊಂದಲ, ವಸ್ತುಗಳು ಎರಡೆರಡಾಗಿ ಕಾಣುವುದು, ನಡಿಗೆ ತಡವರಿಸುವುದು ಮುಂತಾದ ಮೆದುಳಿನ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ, ಮತ್ತು ತಡವಾದರೆ ಹಾನಿ ಶಾಶ್ವತವಾಗಿ ಉಳಿಯಬಹುದು. ಆದ್ದರಿಂದ ಕೆಲವು ದಿನಗಳಿಂದ ಏನೂ ನಿಲ್ಲುತ್ತಿಲ್ಲ ಎಂದಾದರೆ ಇನ್ನೊಬ್ಬರಿಗೂ ಹೀಗೇ ಆಗಿತ್ತಂತೆ ಎಂದು ಕಾಯುತ್ತಾ ಕೂರಬಾರದು.

ನಾಲ್ಕನೇ ಹಂತ: ಊಟದ ಟಿಪ್ಪಣಿ ಇಡಿ

ಡಂಪಿಂಗ್ ಎಂಬುದು ವ್ಯಕ್ತಿಯಿಂದ ವ್ಯಕ್ತಿಗೆ ಬಹಳ ಬದಲಾಗುವ ತೊಂದರೆ. ಅದೇ ಸಿಹಿ ತಿಂಡಿಯನ್ನು ಒಬ್ಬರು ಆರಾಮಾಗಿ ತಿಂದರೆ ಇನ್ನೊಬ್ಬರು ಎರಡು ತುತ್ತಿಗೆ ಬೆವರುತ್ತಾರೆ. ಬೈಪಾಸ್ ಆದವರಲ್ಲಿ ಇದು ಹೆಚ್ಚು, ಆದರೆ ಸ್ಲೀವ್ ಆದವರಲ್ಲೂ ಇಲ್ಲವೆನ್ನಲಾಗದು. ಇದನ್ನು ಗುರುತಿಸಲು ಗಡಿಯಾರ ಬೇಕು. ಊಟವಾಗಿ ಹತ್ತರಿಂದ ಮೂವತ್ತು ನಿಮಿಷದೊಳಗೆ ಎದೆಬಡಿತ ಹೆಚ್ಚಿ, ಮುಖ ಬಿಸಿಯಾಗಿ, ಹೊಟ್ಟೆ ಮುರಿದು, ಭೇದಿಯಾಗಿ, ಮಲಗಿಬಿಡಬೇಕೆನಿಸಿದರೆ ಅದು ಬೇಗನೆ ಬರುವ ಡಂಪಿಂಗ್. ಸಕ್ಕರೆ ತುಂಬಿದ ಆಹಾರ ಕರುಳಿಗೆ ಒಮ್ಮೆಲೇ ಇಳಿದಾಗ ನೀರನ್ನು ತನ್ನತ್ತ ಸೆಳೆಯುವುದರಿಂದ ಹೀಗಾಗುತ್ತದೆ. ಒಂದರಿಂದ ಮೂರು ಗಂಟೆಯ ನಂತರ ಕೈನಡುಕ, ತಣ್ಣನೆಯ ಬೆವರು, ವಿಪರೀತ ಹಸಿವು, ಕಣ್ಣುಕತ್ತಲೆ ಬಂದರೆ ಅದು ತಡವಾಗಿ ಬರುವ ಬಗೆ. ಏರಿದ ಸಕ್ಕರೆಗೆ ಇನ್ಸುಲಿನ್ ಅತಿಯಾಗಿ ಸ್ರವಿಸಿ ರಕ್ತದ ಸಕ್ಕರೆ ಕುಸಿಯುವುದು ಇದರ ಕಾರಣ, ಮತ್ತು ಇದು ಶಸ್ತ್ರಚಿಕಿತ್ಸೆಯಾಗಿ ಒಂದು ವರ್ಷ ಕಳೆದ ಮೇಲೂ ಹೊಸದಾಗಿ ಶುರುವಾಗಬಹುದು.

ಟಿಪ್ಪಣಿ ಪುಸ್ತಕದಲ್ಲಿ ನಾಲ್ಕೇ ವಿಷಯ ಸಾಕು: ಏನು ತಿಂದಿರಿ, ಎಷ್ಟು ಹೊತ್ತಿನಲ್ಲಿ ತಿಂದಿರಿ, ಎಷ್ಟು ನಿಮಿಷದ ನಂತರ ಏನಾಯಿತು, ಸಾಧ್ಯವಿದ್ದರೆ ಆ ಕ್ಷಣದ ಸಕ್ಕರೆಯ ಮಟ್ಟ. ಎರಡು ವಾರ ಬರೆದರೆ ಆಹಾರ ತಜ್ಞರಿಗೆ ಮಾದರಿ ಕಾಣತೊಡಗುತ್ತದೆ. ಬಹುತೇಕರಿಗೆ ಸಕ್ಕರೆ ಬಿಡುವುದು, ಪ್ರೋಟೀನ್ ಮೊದಲು ತಿನ್ನುವುದು, ಊಟ ಮತ್ತು ದ್ರವವನ್ನು ಬೇರ್ಪಡಿಸುವುದು ಸಾಕಾಗುತ್ತದೆ, ಸಾಕಾಗದವರಿಗೆ ಔಷಧಗಳಿವೆ. ಸಕ್ಕರೆ ಕುಸಿದು ಕಣ್ಣುಕತ್ತಲೆ ಬರುವವರು ಕಾರಣ ಸ್ಪಷ್ಟವಾಗುವವರೆಗೆ ವಾಹನ ಓಡಿಸಬಾರದು.

ಐದನೇ ಹಂತ: ಹಳೆಯ ಮಾತ್ರೆಗಳನ್ನು ಪುನಃ ಪರಿಶೀಲಿಸಿ

ಶಸ್ತ್ರಚಿಕಿತ್ಸೆಯ ಅಡ್ಡಪರಿಣಾಮವೆಂದು ಎಣಿಸುವ ಅನೇಕ ತೊಂದರೆಗಳು ವಾಸ್ತವದಲ್ಲಿ ಹಳೆಯ ಔಷಧಗಳದ್ದು. ತೂಕವೂ ಊಟವೂ ಇಳಿದ ಮೇಲೆ ರಕ್ತದೊತ್ತಡದ ಮಾತ್ರೆಯ ಹಳೆಯ ಪ್ರಮಾಣ ಹೆಚ್ಚಾಗುತ್ತದೆ. ಎದ್ದು ನಿಂತಾಗ ತಲೆ ತಿರುಗುವುದಕ್ಕೆ ನೀರಿನ ಕೊರತೆಯ ಜೊತೆಗೆ ಇದೂ ಕಾರಣವಾಗಿರಬಹುದು. ಇನ್ಸುಲಿನ್ ಮತ್ತು ಸಲ್ಫೋನಿಲ್‌ಯೂರಿಯಾ ಗುಂಪಿನ ಮಧುಮೇಹದ ಮಾತ್ರೆಗಳ ಪ್ರಮಾಣವನ್ನು ಮೊದಲ ದಿನಗಳಿಂದಲೇ ತಗ್ಗಿಸಬೇಕಾಗುತ್ತದೆ, ಇಲ್ಲವಾದರೆ ಸಕ್ಕರೆ ಅಪಾಯಕರವಾಗಿ ಇಳಿಯುತ್ತದೆ. ಆದರೆ ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರೊಂದಿಗೆ ಕುಳಿತು ಪಟ್ಟಿ ಪರಿಷ್ಕರಿಸಿ. ನಿಧಾನವಾಗಿ ಕರಗುವಂತೆ ತಯಾರಿಸಿದ ಮಾತ್ರೆಗಳು ಬೈಪಾಸ್ ನಂತರ ಸರಿಯಾಗಿ ಹೀರಲ್ಪಡದೆ ಹೋಗಬಹುದಾದ್ದರಿಂದ ಬದಲಿ ರೂಪವಿದೆಯೇ ಎಂದೂ ಕೇಳಿ. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳಿಂದ ಬೈಪಾಸ್ ಆದವರು ದೂರವಿರಬೇಕು; ತಲೆನೋವಿಗೆಂದು ಮನೆಯಲ್ಲಿದ್ದ ಮಾತ್ರೆ ನುಂಗಿ ಹುಣ್ಣು ತಂದುಕೊಳ್ಳುವುದು ಹೊಸ ಸಂಗತಿಯಲ್ಲ.

ಸಂತಾನೋತ್ಪತ್ತಿಯ ವಯಸ್ಸಿನ ಮಹಿಳೆಯರು ಇನ್ನೊಂದು ವಿಷಯವನ್ನು ಗಮನಿಸಬೇಕು. ತೂಕ ಇಳಿದಂತೆ ಗರ್ಭಧಾರಣೆಯ ಸಾಧ್ಯತೆ ಹೆಚ್ಚುತ್ತದೆ, ಅದೇ ಹೊತ್ತಿಗೆ ಬೈಪಾಸ್‌ನಂಥ ಶಸ್ತ್ರಚಿಕಿತ್ಸೆಯ ನಂತರ ನುಂಗುವ ಗರ್ಭನಿರೋಧಕ ಮಾತ್ರೆಯ ಮೇಲೆ ಪೂರ್ಣ ಭರವಸೆ ಇಡಲಾಗದು. ಸಾಮಾನ್ಯ ಸಲಹೆಯಂತೆ 12ರಿಂದ 18 ತಿಂಗಳು ಗರ್ಭಧಾರಣೆಯನ್ನು ಮುಂದೂಡಬೇಕಾದ್ದರಿಂದ, ಯಾವ ವಿಧಾನ ಬಳಸಬೇಕೆಂದು ಶಸ್ತ್ರಚಿಕಿತ್ಸೆಗೆ ಮೊದಲೇ ತೀರ್ಮಾನಿಸುವುದು ಒಳಿತು.

ಆರನೇ ಹಂತ: ನೋವು ಕೊಡದ ಕೊರತೆಗಳನ್ನು ರಕ್ತಪರೀಕ್ಷೆಯಲ್ಲಿ ಹುಡುಕಿ

ಆರಾಮಾಗಿದ್ದೇನೆ ಎನ್ನುವವರೇ ಪರೀಕ್ಷೆ ತಪ್ಪಿಸುತ್ತಾರೆ. ಬಿ12 ಸಂಗ್ರಹ ದೇಹದಲ್ಲಿ ವರ್ಷಗಟ್ಟಲೆ ಬಾಳುವುದರಿಂದ ಅದರ ಕೊರತೆ ಎರಡನೆಯ, ಮೂರನೆಯ ವರ್ಷದಲ್ಲಿ ಅಂಗಾಲಿನ ಜೋಮಿನ ರೂಪದಲ್ಲಿ ಬರಬಹುದು. ಹಾಗಾಗಿ ಮೊದಲ ವರ್ಷ 3, 6 ಮತ್ತು 12ನೇ ತಿಂಗಳಲ್ಲಿ, ಆಮೇಲೆ ಜೀವನಪೂರ್ತಿ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸುವುದು ಹೆಚ್ಚಿನ ಕಡೆ ಅನುಸರಿಸುವ ಕ್ರಮ. ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ (ಕಬ್ಬಿಣಾಂಶದ ಸಂಗ್ರಹದ ಸೂಚಕ), ಬಿ12, ಫೋಲೇಟ್, ವಿಟಮಿನ್ ಡಿ, ಕ್ಯಾಲ್ಸಿಯಂ, ಪ್ಯಾರಾಥೈರಾಯ್ಡ್ ಹಾರ್ಮೋನು ಇವೆಲ್ಲ ಇವೆಯೇ ಎಂದು ನೋಡಿ.

ಪೂರಕಗಳಲ್ಲಿ ಎಲ್ಲರಿಗೂ ಒಂದೇ ಪ್ರಮಾಣ ಹೊಂದುವುದಿಲ್ಲ. ಕ್ಯಾಲ್ಸಿಯಂ ದಿನಕ್ಕೆ 1200ರಿಂದ 1500 ಮಿಲಿಗ್ರಾಂ ಬೇಕಾಗುವುದು ಸಾಮಾನ್ಯ, ಡ್ಯುಯೋಡಿನಲ್ ಸ್ವಿಚ್‌ನಲ್ಲಿ ಇನ್ನೂ ಹೆಚ್ಚು. ಆಮ್ಲ ಕಡಿಮೆಯಾದ ಜಠರದಲ್ಲಿ ಕಾರ್ಬೊನೇಟ್ ರೂಪಕ್ಕಿಂತ ಸಿಟ್ರೇಟ್ ರೂಪ ಚೆನ್ನಾಗಿ ಹೀರಲ್ಪಡುತ್ತದೆ. ಕಬ್ಬಿಣಾಂಶದ ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ ಕನಿಷ್ಠ ಎರಡು ಗಂಟೆಯ ಅಂತರವಿರಬೇಕು. ಕಬ್ಬಿಣಾಂಶ ನುಂಗಿದಾಗ ಮಲಬದ್ಧತೆಯೋ ಹೊಟ್ಟೆನೋವೋ ಬಂದು ಬಿಟ್ಟುಬಿಡುವವರು ಬಹಳ ಮಂದಿ. ಅಂಥವರಿಗೆ ರಕ್ತನಾಳದ ಮೂಲಕ ಕೊಡುವ ದಾರಿಯಿದೆ, ಆದ್ದರಿಂದ ಬಿಟ್ಟ ವಿಷಯವನ್ನು ವೈದ್ಯರಿಂದ ಮುಚ್ಚಿಡಬೇಕಾಗಿಲ್ಲ.

ಕೂದಲು ಉದುರುವುದು ಸಾಮಾನ್ಯವಾಗಿ ಮೂರನೇ ತಿಂಗಳಿನಿಂದ ಆರನೇ ತಿಂಗಳೊಳಗೆ ಶುರುವಾಗುತ್ತದೆ. ವೇಗವಾಗಿ ತೂಕ ಇಳಿದ ಆಘಾತಕ್ಕೆ ಕೂದಲಿನ ಬುಡಗಳು ವಿಶ್ರಾಂತಿ ಸ್ಥಿತಿಗೆ ಹೋಗುವುದರಿಂದ ಹೀಗಾಗುತ್ತದೆ, ಮತ್ತು ಬಹುತೇಕರಲ್ಲಿ ತಾನಾಗಿಯೇ ಮರಳಿ ಬೆಳೆಯುತ್ತದೆ. ಒಂದು ವರ್ಷ ದಾಟಿಯೂ ನಿಲ್ಲದಿದ್ದರೆ ಅಥವಾ ತಡವಾಗಿ ಶುರುವಾದರೆ ಕಬ್ಬಿಣಾಂಶ, ಸತು ಮತ್ತು ಪ್ರೋಟೀನ್ ಕೊರತೆಯನ್ನು ಪರೀಕ್ಷಿಸಬೇಕು. ಕಂಡವರೆಲ್ಲ ಸೂಚಿಸುವ ಬಯೋಟಿನ್ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ; ಕೊರತೆ ಇಲ್ಲದವರಲ್ಲಿ ಅದರ ಪ್ರಯೋಜನಕ್ಕೆ ಬಲವಾದ ಆಧಾರವಿಲ್ಲ, ಮೇಲಾಗಿ ಹೆಚ್ಚಿನ ಪ್ರಮಾಣದಲ್ಲಿ ತೆಗೆದುಕೊಂಡರೆ ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನೇ ತಪ್ಪಾಗಿ ತೋರಿಸಬಲ್ಲದು. ಸತುವನ್ನೂ ಅತಿಯಾಗಿ ನುಂಗಿದರೆ ತಾಮ್ರದ ಕೊರತೆ ಬರುತ್ತದೆ.

ಮದ್ಯ ಸೇವಿಸುವವರು ತಿಳಿದಿರಬೇಕಾದ ಮಾತೊಂದಿದೆ. ಬೈಪಾಸ್ ನಂತರ ಮದ್ಯ ಬೇಗನೆ ರಕ್ತಕ್ಕೆ ಸೇರುತ್ತದೆ, ಹಳೆಯ ಅಳತೆ ಹೊಸ ದೇಹಕ್ಕೆ ಹೊಂದುವುದಿಲ್ಲ, ಮತ್ತು ಹಿಂದೆ ಚಟವಿಲ್ಲದ ಕೆಲವರಲ್ಲಿಯೂ ವರ್ಷ ಕಳೆದ ಮೇಲೆ ಚಟ ಅಂಟಿಕೊಳ್ಳುತ್ತದೆ. ಮನಸ್ಸು ಕುಗ್ಗುವುದನ್ನೂ ಇದೇ ಗಂಭೀರತೆಯಿಂದ ವೈದ್ಯರಿಗೆ ಹೇಳಬೇಕು. ತೂಕ ಇಳಿಯುತ್ತಿರುವಾಗ ಸಂತೋಷವಾಗಿರಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ.

ಏಳನೇ ಹಂತ: ಕಾಯಬಾರದ ಲಕ್ಷಣಗಳು

ವ್ಯತ್ಯಾಸಗಳ ಮಾತು ಇಲ್ಲಿ ಅನ್ವಯಿಸುವುದಿಲ್ಲ; ಈ ಲಕ್ಷಣಗಳು ಯಾರಲ್ಲಿ ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮೊದಲ ವಾರಗಳಲ್ಲಿ ವಿಶ್ರಾಂತಿಯಲ್ಲಿದ್ದಾಗಲೂ ನಾಡಿ ನಿಮಿಷಕ್ಕೆ 120ರ ಮೇಲೆ ನಿಂತಿರುವುದು, ಜ್ವರ, ಎಡಭುಜದ ನೋವು ಮತ್ತು ಏದುಸಿರು ಹೊಲಿಗೆಯ ಜಾಗದಿಂದ ಸೋರಿಕೆಯಾಗುತ್ತಿರುವುದನ್ನು ಸೂಚಿಸಬಹುದು. ದಪ್ಪ ದೇಹದಲ್ಲಿ ಹೊಟ್ಟೆ ಗಟ್ಟಿಯಾಗುವ, ಮುಟ್ಟಿದರೆ ನೋಯುವ ಲಕ್ಷಣ ಸ್ಪಷ್ಟವಾಗಿ ಕಾಣದಿರುವುದರಿಂದ ನಾಡಿಬಡಿತವೇ ಹೆಚ್ಚು ನಂಬಿಕೆಯ ಸುಳಿವು. ಒಂದೇ ಕಾಲು ಊದಿಕೊಂಡು ನೋಯುವುದು, ಇದ್ದಕ್ಕಿದ್ದಂತೆ ಎದೆನೋವು ಮತ್ತು ಉಸಿರಾಟದ ಕಷ್ಟ ರಕ್ತ ಹೆಪ್ಪುಗಟ್ಟಿದ್ದರ ಸೂಚನೆ. ಇವು ಮನೆಗೆ ಮರಳಿದ ನಂತರವೇ ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆ. ಕಪ್ಪು ಮಲ, ರಕ್ತವಾಂತಿ, ನೀರೂ ಇಳಿಯದ ಸ್ಥಿತಿ, ಬಿಡದೆ ಕಾಡುವ ತೀವ್ರ ಹೊಟ್ಟೆನೋವು, ಗೊಂದಲ ಅಥವಾ ಎರಡೆರಡಾಗಿ ಕಾಣುವುದು ಕೂಡ ಇದೇ ಪಟ್ಟಿಯಲ್ಲಿವೆ.

ತುರ್ತು ವಿಭಾಗದಲ್ಲಿರುವ ವೈದ್ಯರಿಗೆ ನಿಮ್ಮ ಹಿನ್ನೆಲೆ ಗೊತ್ತಿರುವುದಿಲ್ಲ. ಒಳಹೋದ ಕೂಡಲೇ ಶಸ್ತ್ರಚಿಕಿತ್ಸೆಯ ಹೆಸರು, ಅದಾದ ದಿನಾಂಕ ಮತ್ತು ಎಷ್ಟು ದಿನಗಳಿಂದ ವಾಂತಿಯಾಗುತ್ತಿದೆ ಎಂಬುದನ್ನು ಹೇಳಿ, ಫೋನಿನಲ್ಲಿರುವ ಡಿಸ್ಚಾರ್ಜ್ ಸಾರಾಂಶವನ್ನು ತೋರಿಸಿ. ಇವುಗಳ ಜೊತೆಗೆ ಎರಡು ವಿಷಯಗಳನ್ನು ನಿಮ್ಮ ಜೊತೆಗಿರುವವರಿಗೂ ಮೊದಲೇ ಹೇಳಿಟ್ಟಿರಿ. ಹಲವು ದಿನ ವಾಂತಿಯಾಗಿರುವ ರೋಗಿಗೆ ಗ್ಲೂಕೋಸ್ ಡ್ರಿಪ್ ಹಾಕುವ ಮೊದಲು ಥಯಾಮಿನ್ ಚುಚ್ಚುಮದ್ದು ಕೊಡುವ ಬಗ್ಗೆ ಕೇಳಬೇಕು, ಏಕೆಂದರೆ ಥಯಾಮಿನ್ ಇಲ್ಲದ ದೇಹಕ್ಕೆ ಬರೀ ಗ್ಲೂಕೋಸ್ ಕೊಟ್ಟರೆ ಮೆದುಳಿನ ತೊಂದರೆ ಉಲ್ಬಣಿಸಬಹುದು. ಮೂಗಿನ ಮೂಲಕ ಜಠರಕ್ಕೆ ನಳಿಕೆ ಇಳಿಸಬೇಕಾಗಿ ಬಂದರೆ, ಹೊಸ ಹೊಲಿಗೆಯಿರುವ ಪುಟ್ಟ ಚೀಲಕ್ಕೆ ಅದನ್ನು ಅಂದಾಜಿನ ಮೇಲೆ ಹಾಕದೆ ಶಸ್ತ್ರಚಿಕಿತ್ಸಾ ತಂಡವನ್ನು ಸಂಪರ್ಕಿಸುವಂತೆ ವಿನಂತಿಸಬೇಕು.